ಎದುರು ಕುರ್ಚಿ

ಫೆಬ್ರವರಿ 3, ಸೋಮವಾರ

ಇಡೀ ದಿನ ಇನ್ನೊಬ್ಬರ ಬಾಯಿಗೆ ಮಾತು ಬರೆದುಕೊಡುವವಳಿಗೆ ತನ್ನದು ಅಂತ ಒಂದು ಪುಟ ಇರಲಿ ಎಂದು ಈ ಡೈರಿ. ಹೋದ ವರ್ಷದ್ದು ಅರ್ಧಕ್ಕೇ ನಿಂತಿತ್ತು. ಈ ಸಲ ಬರೆಯಲು ಏನೂ ಇಲ್ಲದಿದ್ದರೆ ಮಂಜಿನ ಬಗ್ಗೆಯಾದರೂ ಬರೆಯಬೇಕು. ಇವತ್ತು ಬಸ್ಸಿನಿಂದ ಇಳಿದಾಗ ನಮ್ಮ ಸಚಿವಾಲಯದ ಮೇಲಿನ ಎರಡು ಮಹಡಿ ಕಾಣುತ್ತಲೇ ಇರಲಿಲ್ಲ. ಇಲ್ಲದ ಮಹಡಿಗೆ ಲಿಫ್ಟಿನಲ್ಲಿ ಹೋಗಿ, ಕೂತು, ಸಂಜೆಯವರೆಗೆ ಕೆಲಸ ಮಾಡಿ ಬಂದೆ.

ಕೆಲಸ ಅಂದರೆ ಉತ್ತರ. ಉದ್ಯಮ, ಉದ್ಯೋಗ, ಆವಿಷ್ಕಾರ ಅಂತ ಸದನದ ಸದಸ್ಯರು ಏನೇ ಪ್ರಶ್ನೆ ಕಳಿಸಲಿ, ನಮ್ಮ ಸಚಿವರು ಎದ್ದು ನಿಂತು ಹೇಳುವ ಉತ್ತರ ಹುಟ್ಟುವುದು ನನ್ನ ಮೇಜಿನ ಮೇಲೆ. ಪರಿಶೀಲಿಸಲಾಗುತ್ತಿದೆ, ಕ್ರಮ ಕೈಗೊಳ್ಳಲಾಗುವುದು, ಮಾಹಿತಿ ಸಂಗ್ರಹಿಸಲಾಗುತ್ತಿದೆ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ನನ್ನಷ್ಟು ಪಳಗಿದ ಕೈ ಈ ಕಟ್ಟಡದಲ್ಲಿ ಇನ್ನೊಂದಿಲ್ಲ ಅಂತ ನಮ್ಮ ವಿಭಾಗದ ದೊಡ್ಡವರು ಹೇಳುತ್ತಾರೆ. ಅದನ್ನು ಹೊಗಳಿಕೆ ಅಂತಲೇ ಇಟ್ಟುಕೊಂಡಿದ್ದೇನೆ.

ಇವತ್ತು ಬಂದ ಪ್ರಶ್ನೆ ಹಸಿರು ಕೋಟಿನವರದು. ಯಾವ ಕಾಲದಲ್ಲೂ ಅದೇ ಕೋಟು ಹಾಕಿ ಬರುವ ಹೊಸ ಸದಸ್ಯೆ ಅವರು. ಮೊದಲು ಗುಂಡಿ, ದಾರ ಮಾರುವ ಅಂಗಡಿ ಇಟ್ಟಿದ್ದರಂತೆ. ಮೂರೇ ಸಾಲು ಕೇಳಿದ್ದಾರೆ. ಕಳೆದ ವರ್ಷ ಎಷ್ಟು ಹೊಸ ಉದ್ಯಮಗಳು ಆರಂಭವಾಗಿವೆ? ಅವುಗಳಿಂದ ಎಷ್ಟು ಜನರಿಗೆ ಕೆಲಸ ಸಿಕ್ಕಿದೆ? ಅವುಗಳಲ್ಲಿ ಹೊಸದಾಗಿ ಕಂಡುಹಿಡಿದದ್ದು ಏನಾದರೂ ಇದೆಯೇ? ಇಪ್ಪತ್ತೊಂದರಂದು ಸದನದಲ್ಲಿ ಬಾಯಿಮಾತಿನಲ್ಲೇ ಉತ್ತರ ಕೊಡಬೇಕು.

ಬಾಯಿಮಾತಿನ ಉತ್ತರ ಅಂದರೆ ತಾಲೀಮು ಬೇಕು. ಉತ್ತರ ಕೊಟ್ಟ ಮೇಲೆ ಸದಸ್ಯರು ಎರಡು ಉಪಪ್ರಶ್ನೆ ಕೇಳಬಹುದು, ಅದು ಏನಿರುತ್ತದೋ ಯಾರಿಗೂ ಗೊತ್ತಿರುವುದಿಲ್ಲ. ಅದಕ್ಕೇ ಸಚಿವರ ಕೋಣೆಯಲ್ಲಿ ಅವರ ಮೇಜಿನ ಮುಂದೆ ಒಂದು ಕುರ್ಚಿ ಹಾಕಿ, ನಮ್ಮಲ್ಲೊಬ್ಬರನ್ನು ಆ ಸದಸ್ಯರಂತೆ ಕೂರಿಸಿ, ಕಾಟ ಕೊಡಲು ಹೇಳುತ್ತಾರೆ. ಎದುರು ಕುರ್ಚಿ ಅಂತ ಅದರ ಹೆಸರು. ಈ ಸಲ ನನ್ನ ಸರದಿ.

ಫೆಬ್ರವರಿ 5, ಬುಧವಾರ

ಬೆಳಿಗ್ಗೆ ತಮ್ಮ ನನಗಿಂತ ಮೊದಲೇ ಎದ್ದು ಗಡ್ಡ ಬೋಳಿಸಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು, ಫೋನು ಮುಂದಿಟ್ಟುಕೊಂಡು ಕಿಟಕಿ ಹತ್ತಿರ ಕೂತಿದ್ದ. ಲಿಫ್ಟ್ ಕಾರ್ಖಾನೆ ಮುಚ್ಚಿದ ಮೇಲೆ ದಿನವೂ ಹೀಗೇ. ಊರಾಚೆ ಅದೇ ಕಂಪನಿಯ ಹೊಸ ಘಟಕ ಶುರುವಾಗಿದೆ, ಹಳಬರನ್ನು ಕರೆಯುತ್ತಾರೆ ಅಂತ ಸುದ್ದಿ. ಕರೆ ಬಂದಾಗ ಗಡ್ಡ ಬಿಟ್ಟುಕೊಂಡು ಇರಬಾರದಂತೆ.

ಕಾರ್ಖಾನೆ ಮುಚ್ಚಿದಾಗ ಪ್ರತಿಯೊಬ್ಬರಿಗೂ ಸರ್ಕಾರದ ಯೋಜನೆಯಲ್ಲಿ ಒಂದು ಕೆಂಪು ಪೆಟ್ಟಿಗೆ ಬಂತು. ಒಳಗೆ ಸುತ್ತಿಗೆ, ಸ್ಪ್ಯಾನರು, ಅಳತೆಪಟ್ಟಿ; ಮುಚ್ಚಳಕ್ಕೆ ಸೀಸದ ಸೀಲು. ಸೀಲು ಒಡೆದು ಸ್ವಂತ ಉದ್ಯಮ ಶುರು ಮಾಡಿ ಅಂತ. ಒಬ್ಬನೇ ಮನುಷ್ಯ ಮನೆಯಲ್ಲಿ ಕೂತು ಲಿಫ್ಟು ಕಟ್ಟುವುದು ಹೇಗೋ ನಾನರಿಯೆ. ಸೀಲು ಒಡೆಯುವವರೆಗೆ ತಾನು ಕೆಲಸ ಹುಡುಕುತ್ತಿರುವ ಕೆಲಸಗಾರನೇ, ಒಡೆದರೆ ಮಾತ್ರ ಮಾಲೀಕ ಅಂತ ತಮ್ಮನ ನಂಬಿಕೆ. ಹಾಗಾಗಿ ಪೆಟ್ಟಿಗೆ ಬಂದ ಹಾಗೇ ನಡುಮನೆಯಲ್ಲಿದೆ. ಅಮ್ಮ ಅದರ ಮೇಲೆ ದಿಂಬು ಹಾಕಿಕೊಂಡು ಕೂರುತ್ತಾಳೆ.

"ನನ್ನ ಕಂಪನಿ ಮೇಲೆ ಕೂತಿದ್ದೀಯ ಅಮ್ಮ, ಸ್ವಲ್ಪ ಮರ್ಯಾದೆ" ಅಂತ ತಮ್ಮ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತ ಅಮ್ಮ. ಇಬ್ಬರೂ ನಕ್ಕರು. ನಾನೂ ನಕ್ಕು ಬಸ್ಸಿಗೆ ಹೊರಟೆ.

ಸಚಿವಾಲಯದ ಲಿಫ್ಟು ಇವರ ಕಾರ್ಖಾನೆಯದೇ. ಮಹಡಿ ಬಂದಾಗ ಲಿಫ್ಟಿನ ನೆಲ ಹೊರಗಿನ ನೆಲಕ್ಕೆ ಸರಿಯಾಗಿ ಕೂಡಿಸುವ ಕೆಲಸ ತಮ್ಮನದಾಗಿತ್ತು. ಒಳಗಿನಿಂದ ಹೊರಗೆ ಬಂದದ್ದು ಕಾಲಿಗೆ ಗೊತ್ತಾಗಬಾರದು ಅನ್ನುತ್ತಿದ್ದ. ನಾನು ದಿನಾ ಆ ಕ್ಷಣಕ್ಕೆ ಕಣ್ಣು ಮುಚ್ಚಿಕೊಂಡೇ ಇಳಿಯುತ್ತೇನೆ. ಇವತ್ತೂ ಗೊತ್ತಾಗಲಿಲ್ಲ.

ಫೆಬ್ರವರಿ 7, ಶುಕ್ರವಾರ

ಪಾತ್ರ ಮಾಡಬೇಕಾದವರನ್ನು ಒಮ್ಮೆ ಕಣ್ಣಾರೆ ನೋಡಬೇಕು ಅಂತ ನನ್ನ ಪದ್ಧತಿ. ಬೇರೆ ಇಲಾಖೆಗೆ ಅವರದೊಂದು ಪ್ರಶ್ನೆಯಿತ್ತು, ಅಧಿಕಾರಿಗಳ ಗ್ಯಾಲರಿಯಲ್ಲಿ ಹೋಗಿ ಕೂತೆ. ಸದನ ಹೊರಗಿನವರು ತಿಳಿದಂತಲ್ಲ. ಮೆತ್ತನೆ ಹಾಸು, ಮೇಲಿಂದ ಇಳಿಯುವ ಹಳದಿ ಬೆಳಕು, ಎಲ್ಲರೂ ನೀರಿನಡಿ ಮಾತಾಡಿದಂತೆ ಮಾತಾಡುತ್ತಾರೆ. ಅಲ್ಲಿ ಕೂತರೆ ನನಗೆ ತೂಕಡಿಕೆ ಬರುತ್ತದೆ.

ಹಸಿರು ಕೋಟಿನವರ ಹೆಸರು ಕರೆದರು. ಅವರು ಎದ್ದು ಪ್ರಶ್ನೆಯ ಸಂಖ್ಯೆ ಮಾತ್ರ ಹೇಳಿದರು. ನಿಯಮವೇ ಹಾಗೆ. ಪ್ರಶ್ನೆ ಅಚ್ಚಾಗಿ ಎಲ್ಲರ ಕೈಯಲ್ಲಿರುತ್ತದೆ, ಬಾಯಲ್ಲಿ ಸಂಖ್ಯೆ ಹೇಳಿದರೆ ಸಾಕು. ಸಾರ್ವಜನಿಕರ ಗ್ಯಾಲರಿಯಲ್ಲಿ ಒಬ್ಬ ಮುದುಕಿ ಪಕ್ಕದವರನ್ನು ಏನು ಕೇಳಿದಳಂತೆ ಅಂತ ವಿಚಾರಿಸುತ್ತಿದ್ದಳು.

ಉಪಪ್ರಶ್ನೆಗೆ ಮೊದಲು ಅವರು ಕನ್ನಡಕವನ್ನು ಹಣೆಯ ಮೇಲೆ ಏರಿಸುತ್ತಾರೆ. ಮೈಕನ್ನು ಎರಡು ಬೆರಳಿನಿಂದ ಮುಟ್ಟುತ್ತಾರೆ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿರುತ್ತಾರೆ. ಅಷ್ಟರಲ್ಲಿ ಉತ್ತರ ಕೊಡಬೇಕಾದವರಿಗೆ ಬೆವರು ಶುರುವಾಗುತ್ತದೆ. ಆದರೆ ಕೇಳಿದ ಪ್ರಶ್ನೆ ಸಪ್ಪೆ. ಒಳಗಿನ ವಿಚಾರ ಅವರಿಗೆ ತಿಳಿದಿರುವುದಿಲ್ಲ, ಪಾಪ. ಹೇಗೆ ತಿಳಿಯಬೇಕು? ತಿಳಿದವರೆಲ್ಲ ಗ್ಯಾಲರಿಯಲ್ಲಿ ನಮ್ಮ ಕಡೆ ಕೂತಿರುತ್ತೇವೆ.

ನಮ್ಮ ಸಚಿವರಿಗೂ ಒಂದು ಅಭ್ಯಾಸ ಉಂಟು. ಉಪಪ್ರಶ್ನೆ ಬಂದರೆ ತಿರುಗಿ ಗ್ಯಾಲರಿಯತ್ತ ನೋಡುತ್ತಾರೆ, ನಾವು ಚೀಟಿ ಬರೆದು ಕಳಿಸಬೇಕು, ಬಂದ ಚೀಟಿಯನ್ನು ಅಕ್ಷರ ಬಿಡದೆ ಓದುತ್ತಾರೆ. ಹಿಂದೊಮ್ಮೆ ದೊಡ್ಡವರು ಚೀಟಿಯ ಕೊನೆಗೆ "ದಯವಿಟ್ಟು ನಿಧಾನವಾಗಿ ಓದಿ" ಅಂತ ಬರೆದಿದ್ದರು. ಅದನ್ನೂ ನಿಧಾನವಾಗಿ ಓದಿದರು.

ಫೆಬ್ರವರಿ 9, ಭಾನುವಾರ

ಬೆಳಗಿನ ಜಾವದ ಕನಸು. ಲಿಫ್ಟಿನಲ್ಲಿ ನಾನು, ಹಸಿರು ಕೋಟಿನವರು. ಗುಂಡಿ ಒತ್ತುವ ಕಡೆ ನಿಜವಾದ ಅಂಗಿ ಗುಂಡಿಗಳು ಹೊಲಿದಿದ್ದವು. ಅವರು ಒಂದೊಂದೇ ಬಿಚ್ಚುತ್ತಾರೆ, ಲಿಫ್ಟು ಏರುತ್ತದೆ. ಬಾಗಿಲು ತೆರೆದಾಗಲೆಲ್ಲ ನಮ್ಮ ನಡುಮನೆ. ಕೆಂಪು ಪೆಟ್ಟಿಗೆ, ಅದರ ಮೇಲೆ ದಿಂಬು. ಆದರೆ ಲಿಫ್ಟಿನ ನೆಲ ಪ್ರತಿ ಸಲವೂ ಒಂದು ಗೇಣು ಕೆಳಗೇ ನಿಲ್ಲುತ್ತದೆ, ನಾನು ಇಳಿಯಲಾರೆ. ಇಲ್ಲಿ ಯಾರಿದ್ದಾರೆ ಅಂತ ಅವರು ಕೇಳಿದರು. ಮಾಹಿತಿ ಸಂಗ್ರಹಿಸಲಾಗುತ್ತಿದೆ ಅಂದೆ. ಅವರು ಮುಂದಿನ ಗುಂಡಿ ಬಿಚ್ಚಿದರು.

ಎದ್ದ ಮೇಲೂ ಬಹಳ ಹೊತ್ತು ಮೈ ತೇಲುತ್ತಿತ್ತು. ಭಾನುವಾರ ಪೂರ್ತಿ ಏನೂ ಮಾಡಲಿಲ್ಲ.

ಫೆಬ್ರವರಿ 11, ಮಂಗಳವಾರ

ಅಂಕಿ ಸಂಖ್ಯೆಗಾಗಿ ಪೆಟ್ಟಿಗೆ ಯೋಜನೆಯ ಕಚೇರಿಗೆ ಫೋನು ಮಾಡಿದೆ. ಸಾವಿರಾರು ಹೊಸ ಉದ್ಯಮ ಅಂತ ಹೇಳಿದರು. ಅಷ್ಟು ಸಾಕಿತ್ತು. ಯಾಕೋ ಬಾಯಿಗೆ ಬಂತು, ಅದನ್ನು ಎಣಿಸುವುದು ಹೇಗೆ ಅಂತ ಕೇಳಿದೆ. ಆ ಕಡೆಯ ಅಧಿಕಾರಿ ಖುಷಿಯಿಂದಲೇ ಹೇಳಿದ.

"ಸುಲಭ ಮೇಡಂ. ಪೆಟ್ಟಿಗೆ ಮನೆ ತಲುಪಿದ್ರೆ ಉದ್ಯಮ ಶುರು ಅಂತ ಲೆಕ್ಕ. ಅವತ್ತಿಂದ ಅವರು ಮಾಲೀಕರು."

ಸೀಲು ಒಡೆಯದಿದ್ದರೆ ಅಂದೆ. ಸೀಲಿಗೂ ಲೆಕ್ಕಕ್ಕೂ ಸಂಬಂಧವಿಲ್ಲವಂತೆ. ಹಾಗಾದರೆ ಹೊಸ ಘಟಕ ಯಾರನ್ನು ಕರೆಯುತ್ತದೆ ಅಂದೆ. ನಿರುದ್ಯೋಗಿಗಳ ಪಟ್ಟಿಯಲ್ಲಿರುವವರನ್ನಂತೆ. ಮಾಲೀಕರಾದವರು ಆ ಪಟ್ಟಿಯಲ್ಲಿ ಇರುವಂತಿಲ್ಲ. ಒಂದೇ ಮನುಷ್ಯ ಎರಡು ಕಡೆ ಲೆಕ್ಕಕ್ಕೆ ಬರಬಾರದಲ್ಲ ಮೇಡಂ ಅಂತ ಆತ ನನಗೇ ತಿಳಿಹೇಳಿದ.

ಫೋನಿಟ್ಟ ಮೇಲೆ ಕಿಟಕಿಯಲ್ಲಿ ಮಂಜು ನೋಡುತ್ತ ಕೂತೆ. ತಮ್ಮನಿಗೆ ಕರೆ ಬರುವುದಿಲ್ಲ. ಇವತ್ತಲ್ಲ, ನಾಳೆಯಲ್ಲ, ಈ ಲೆಕ್ಕ ಹೀಗೇ ಇರುವಷ್ಟು ದಿನವೂ ಬರುವುದಿಲ್ಲ. ಸಂಜೆ ಮನೆಗೆ ಹೋದಾಗ ಅವನು ಫೋನಿಗೆ ಚಾರ್ಜು ಹಾಕುತ್ತಿದ್ದ. ಹೇಳಬೇಕು ಅಂತ ಚಪ್ಪಲಿ ಬಿಡುವಾಗ ಅಂದುಕೊಂಡೆ. ಕೈಕಾಲು ತೊಳೆದು ಬರುವಷ್ಟರಲ್ಲಿ ಅದು ಬಾಯಲ್ಲಿ ಬಿಸಿತುಪ್ಪವಾಗಿತ್ತು. ನುಂಗಲೂ ಆಗದೆ ಉಗುಳಲೂ ಆಗದೆ ಮಲಗಲು ಹೋದೆ.

ಫೆಬ್ರವರಿ 13, ಗುರುವಾರ

ಚಳಿ. ಟ್ರಂಕಿನ ತಳದಲ್ಲಿ ಚಿಕ್ಕಮ್ಮನ ಹಳೆ ಕೋಟು ಸಿಕ್ಕಿತು, ಹಾಕಿಕೊಂಡು ಹೋದೆ. ಕಚೇರಿಯಲ್ಲಿ ಎಲ್ಲರೂ ಎದ್ದು ನಿಂತು "ಮಾನ್ಯ ಸದಸ್ಯರಿಗೆ ಸ್ವಾಗತ" ಅಂದರು. ಅವರದು ಗಿಳಿಹಸಿರು, ಇದು ಬಾಟಲಿ ಹಸಿರು. ಒಂದಕ್ಕೊಂದು ಸಂಬಂಧವೇ ಇಲ್ಲ. ಜನಕ್ಕೆ ಬಣ್ಣ ನೋಡಲು ಬರುವುದಿಲ್ಲ.

ಉತ್ತರ ಬರೆದು ಮುಗಿಸಿದೆ. ಸಾವಿರಾರು ಉದ್ಯಮಗಳು ಆರಂಭಗೊಂಡಿವೆ. ಅಷ್ಟೇ ಜನ ಸ್ವಉದ್ಯೋಗ ಹೊಂದಿದ್ದಾರೆ. ಆವಿಷ್ಕಾರಕ್ಕೆ ಪೂರಕ ವಾತಾವರಣ ನಿರ್ಮಿಸಲಾಗುತ್ತಿದೆ. ಒಂದಕ್ಷರವೂ ಸುಳ್ಳಲ್ಲ. ದೊಡ್ಡವರು ಓದಿ, ಇದರಲ್ಲಿ ಸೂಜಿ ತೂರಲೂ ಜಾಗವಿಲ್ಲ ಅಂದರು. ಉತ್ತರ ಅಂದರೆ ಬಾಗಿಲು, ಮುಚ್ಚುವುದಕ್ಕೇ ಇರುವುದು ಅನ್ನುವುದು ಅವರ ಮಾತು.

ಫೆಬ್ರವರಿ 16, ಭಾನುವಾರ

ಅಮ್ಮ ಇವತ್ತು ನನ್ನ ಮೇಲೆ ಹರಿಹಾಯ್ದಳು. ಹಾಲಿನವನನ್ನು ಯಾಕೆ ತಡವಾಯ್ತು, ಯಾವ ದಾರಿಯಿಂದ ಬಂದೆ, ಬೇರೆ ದಾರಿ ಇಲ್ಲವಾ ಅಂತ ಬಾಗಿಲಲ್ಲೇ ನಿಲ್ಲಿಸಿಕೊಂಡು ಕೇಳಿದೆನಂತೆ. ಅವನು ಹೆದರಿ ಚಿಲ್ಲರೆ ಬಿಟ್ಟೇ ಹೋದನಂತೆ. ನನಗೆ ನೆನಪೇ ಇಲ್ಲ.

"ಕನ್ನಡಕ ಯಾಕೆ ಹಣೆ ಮೇಲಿಟ್ಟುಕೊಂಡಿದ್ದೀಯ? ಕಣ್ಣು ಮೇಲಕ್ಕೆ ಹೋಯ್ತಾ?" ಅಂದಳು. ತಾಲೀಮಿಗೆ ಅಭ್ಯಾಸ ಮಾಡುತ್ತಿದ್ದೇನೆ ಅಂದೆ. ಅದು ನಿಜವೇ.

ತಮ್ಮ ಕಿಟಕಿ ಬಳಿ ಇದ್ದ. ಭಾನುವಾರ ಯಾರೂ ಫೋನು ಮಾಡುವುದಿಲ್ಲ, ಆದರೂ ಗಡ್ಡ ಬೋಳಿಸಿದ್ದ. ಕಪಾಳದ ಮೇಲೆ ಸಣ್ಣ ಗಾಯ. ಅವನ ಕಡೆ ನೋಡಿಯೂ ನೋಡದಂತೆ ಪೇಪರು ಮಡಚುತ್ತ ಕೂತಿದ್ದೆ.

ಫೆಬ್ರವರಿ 18, ಮಂಗಳವಾರ

ತಾಲೀಮು. ಸಚಿವರ ಕೋಣೆ ದೊಡ್ಡದು, ಪರದೆ ಅರ್ಧ ಎಳೆದಿರುತ್ತದೆ, ಮಧ್ಯಾಹ್ನವೂ ಮುಸ್ಸಂಜೆಯಂತೆ. ದೊಡ್ಡವರು ಗೋಡೆ ಪಕ್ಕ ಪೆನ್ಸಿಲು ಹಿಡಿದು ಕೂತಿದ್ದರು. ನಾನು ಎದುರು ಕುರ್ಚಿಯಲ್ಲಿ.

ಸಚಿವರು ಉತ್ತರ ಓದಿದರು. ನನ್ನ ಮಾತು ಅವರ ದನಿಯಲ್ಲಿ ಕೇಳುವುದು ನನಗೆ ಯಾವಾಗಲೂ ಇಷ್ಟ. ಇವತ್ತು ಯಾಕೋ ಪಕ್ಕದ ಮನೆಯ ರೇಡಿಯೋ ಕೇಳಿದ ಹಾಗಿತ್ತು. ಆಮೇಲೆ ನನ್ನ ಸರದಿ. ಕನ್ನಡಕ ಏರಿಸಿದೆ. ಮೇಜಿನ ಅಂಚನ್ನು ಎರಡು ಬೆರಳಿನಿಂದ ಮುಟ್ಟಿದೆ. ಸುಮ್ಮನಿದ್ದೆ. ಆ ಸುಮ್ಮನಿರುವುದರೊಳಗೆ ಎಷ್ಟು ಜಾಗ ಇದೆ ಅಂತ ಕೂತವರಿಗೇ ಗೊತ್ತು.

ಬರೆದುಕೊಂಡು ಹೋದ ಉಪಪ್ರಶ್ನೆಗಳು ಕೈಯಲ್ಲೇ ಇದ್ದವು. ನಾನು ಕೇಳಿದ್ದು ಬೇರೆ. ಪೆಟ್ಟಿಗೆ ತಲುಪಿದ್ದನ್ನೇ ಉದ್ಯಮ ಅಂತ ಯಾಕೆ ಎಣಿಸಿದ್ದೀರಿ ಅಂದೆ. ಹಾಗೆ ಎಣಿಸಿದ್ದರಿಂದ ಹೊಸ ಘಟಕದ ಬಾಗಿಲು ಯಾರಿಗೆ ಮುಚ್ಚಿತು ಅಂದೆ. ಎಷ್ಟು ಜನ ಸೀಲು ಒಡೆದಿದ್ದಾರೆ ಅಂದೆ. ಸಚಿವರು ಒಮ್ಮೆ ನನ್ನನ್ನು, ಒಮ್ಮೆ ದೊಡ್ಡವರನ್ನು ನೋಡಿದರು. ಗೋಡೆ ಪಕ್ಕದ ಪೆನ್ಸಿಲು ನಿಂತಿತ್ತು.

ಕೊನೆಗೆ ಸಚಿವರು ನಕ್ಕರು. "ಭೇಷ್. ನೀವು ನಮ್ಮ ಕಡೆ ಇರೋದು ನಮ್ಮ ಪುಣ್ಯ. ಆ ಯಮ್ಮನಿಗೆ ಇದ್ಯಾವುದೂ ಗೊತ್ತಿಲ್ಲ ತಾನೆ?"

ಗೊತ್ತಿಲ್ಲ ಅಂದೆ. ಗೊತ್ತಿಲ್ಲದ್ದಕ್ಕೆ ಉತ್ತರ ಬರೆದಿಡುವುದು ಬೇಡ, ಬರೆದರೆ ನಾವೇ ಕುಂಬಳಕಾಯಿ ಕಳ್ಳರಂತೆ ಹೆಗಲು ಮುಟ್ಟಿ ನೋಡಿಕೊಂಡಂತಾಗುತ್ತದೆ ಅಂತ ದೊಡ್ಡವರು ತೀರ್ಮಾನ ಕೊಟ್ಟರು. ಅಲ್ಲಿಗೆ ಮುಗಿಯಿತು. ಎದ್ದು ಬರುವಾಗ ನನ್ನ ಪಾತ್ರ ಚೆನ್ನಾಗಿತ್ತು ಅಂತ ಎಲ್ಲರೂ ಹೇಳಿದರು. ಒಳ್ಳೆಯ ತಾಲೀಮು ಅಂದರೆ ಹಾಗೇ ಇರಬೇಕು, ಅದಕ್ಕಿಂತ ಹೆಚ್ಚೇನಿಲ್ಲ.

ಫೆಬ್ರವರಿ 19, ಬುಧವಾರ

ಊಟದ ಹೊತ್ತಿಗೆ ತಮ್ಮ ಕೇಳಿದ. "ಅಕ್ಕಾ, ಹೊಸ ಘಟಕದವರು ಯಾವಾಗ ಕರೀಬಹುದು? ನಿಮ್ಮ ಇಲಾಖೇಲಿ ಏನಾದ್ರೂ ಗೊತ್ತಾಯ್ತಾ?"

ನೇರವಾಗಿ ಕೇಳಿದ್ದು ಇದೇ ಮೊದಲು. ಅವನ ಮುಖ ಶಾಂತವಾಗಿತ್ತು. ನಾನು ನೀರು ಕುಡಿದು, ಅದು ಪರಿಶೀಲನೆಯಲ್ಲಿರಬಹುದು ಅಂದೆ.

ಅಮ್ಮ ಬಡಿಸುತ್ತಿದ್ದ ಸೌಟನ್ನು ಅಲ್ಲೇ ಹಿಡಿದು ನಿಂತಳು. "ಅದು ಸದನದಲ್ಲಿ ಹೇಳೋ ಮಾತು. ಇದು ಮನೆ" ಅಂದಳು. ಊರಿಗೆ ಉಪಕಾರಿ ಮನೆಗೆ ಮಾರಿ ಅಂತ ಗೊಣಗಿಕೊಂಡದ್ದೂ ಕೇಳಿಸಿತು. ಊರಿಗೂ ನನ್ನಿಂದ ಉಪಕಾರವಾಗಿಲ್ಲ ಅನ್ನುವುದು ಅವಳಿಗೆ ಗೊತ್ತಿಲ್ಲ. ತಮ್ಮ ತಟ್ಟೆ ಎತ್ತಿಕೊಂಡು ಹೋದ.

ಇವತ್ತು ಬೆಳಗಿನ ಜಾವ ಮತ್ತೆ ಅದೇ ಲಿಫ್ಟಿನ ಕನಸು ಬಿದ್ದಿತ್ತು. ಈ ಸಲ ಕೋಟು ನಾನು ಹಾಕಿದ್ದೆ. ನನ್ನ ಹಳೆ ಕಂದು ಸ್ವೆಟರು ಹಾಕಿಕೊಂಡು ಅವರು ಮೂಲೆಯಲ್ಲಿ ನಿಂತಿದ್ದರು. ಗುಂಡಿ ಬಿಚ್ಚುತ್ತಿದ್ದವಳು ನಾನು. ಇನ್ನೆಷ್ಟು ಮಹಡಿ ಅಂತ ಕೇಳಿದರೆ ಅವರು ಮೆಲ್ಲಗೆ, ಸಂಗ್ರಹಿಸಲಾಗುತ್ತಿದೆ ಅಂದರು.

ಫೆಬ್ರವರಿ 20, ಗುರುವಾರ

ನಾಳೆ. ಮಂಜು ಇಲ್ಲ, ಗಾಳಿ.

ಫೆಬ್ರವರಿ 21, ಶುಕ್ರವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ. ಇದು ಕೈತಪ್ಪು. ಇದಕ್ಕೆ ಬೇರೆ ಅರ್ಥ ಹುಡುಕಬಾರದು ಅಂತ ಮೊದಲೇ ಬರೆದಿಡುತ್ತಿದ್ದೇನೆ.

ಹಸಿರು ಕೋಟಿನವರು ಎದ್ದು ಸಂಖ್ಯೆ ಹೇಳಿದರು. ಸಚಿವರು ಉತ್ತರ ಓದಿದರು. ಮೇಜು ತಟ್ಟಿದ ಸದ್ದು ಬಂತು, ಸಾವಿರಾರು ಉದ್ಯಮ ಅಂದರೆ ತಟ್ಟಲೇಬೇಕು. ಆಮೇಲೆ ಅವರು ಕನ್ನಡಕ ಏರಿಸಿದರು, ಮೈಕು ಮುಟ್ಟಿದರು, ಸುಮ್ಮನಾದರು. ಗ್ಯಾಲರಿಯಲ್ಲಿ ನಾನೂ ಕನ್ನಡಕ ಏರಿಸಿದ್ದೆ ಅಂತ ಪಕ್ಕದವರು ಆಮೇಲೆ ಹೇಳಿದರು. ಆ ಹಳದಿ ಬೆಳಕಿನಲ್ಲಿ ಕಣ್ಣಿಗೆ ಜೋಂಪು ಹತ್ತುತ್ತಿತ್ತು. ಅವರು ಏನು ಕೇಳಬೇಕು ಅಂತ ನನಗೆ ಎಷ್ಟು ಸ್ಪಷ್ಟವಾಗಿ ಗೊತ್ತಿತ್ತೆಂದರೆ ಅವರ ನಾಲಿಗೆಯ ತುದಿಯಲ್ಲಿ ನಾನೇ ಕೂತಿದ್ದೆ.

ಅವರು ಕೇಳಿದ್ದು, ಈ ಉದ್ಯಮಗಳೆಲ್ಲ ಚೆನ್ನಾಗಿ ನಡೆಯುತ್ತಿವೆಯೇ ಅಂತ. ಅಷ್ಟೇ. ಅಂಥ ಪ್ರಶ್ನೆಗೆ ಯಾರಾದರೂ ಏನು ಹೇಳುತ್ತಾರೆ?

ಸಚಿವರು ತಿರುಗಿ ನೋಡಿದರು. ನಾನು ಚೀಟಿ ಬರೆದು ಸೇವಕನ ಕೈಗೆ ಕೊಟ್ಟೆ. ಉದ್ಯಮಗಳ ಬೆಳವಣಿಗೆ ತೃಪ್ತಿಕರವಾಗಿದೆ ಅಂತ ಬರೆಯಬೇಕಿತ್ತು, ಬರೆದೆ ಅಂತಲೇ ನಾನು ತಿಳಿದಿದ್ದೆ. ಅವರು ಓದಲು ಶುರು ಮಾಡಿದ ಮೇಲೆ ಗೊತ್ತಾಯಿತು.

"ಪೆಟ್ಟಿಗೆ ಮನೆ ತಲುಪಿದ್ದನ್ನೇ ಉದ್ಯಮ ಅಂತ ಎಣಿಸಿದ್ದೀರಲ್ಲ, ಇವರಲ್ಲಿ ಎಷ್ಟು ಜನ ಸೀಲು ಒಡೆದಿದ್ದಾರೆ? ಒಡೆಯದವರು ಇವತ್ತು ಬೆಳಿಗ್ಗೆ ಎದ್ದು ಏನು ಮಾಡುತ್ತಿದ್ದಾರೆ ಅನ್ನುವುದು ಸರ್ಕಾರಕ್ಕೆ ಗೊತ್ತಿದೆಯೇ?"

ಅಕ್ಷರ ಬಿಡದೆ ಓದಿದರು. ನಿಧಾನವಾಗಿ ಓದಿದರು. ಓದಿ ಮುಗಿಸಿ ಚೀಟಿಯನ್ನು ತಿರುಗಿಸಿ ಹಿಂದೆ ಏನಾದರೂ ಇದೆಯೇ ಅಂತ ನೋಡಿದರು.

ಸಭಾಧ್ಯಕ್ಷರು ಮುಂದೆ ಬಾಗಿ, "ಸಚಿವರೇ, ಇಲ್ಲಿ ಪ್ರಶ್ನೆ ಕೇಳೋರು ಅವರು. ನೀವು ಉತ್ತರ ಕೊಡೋರು" ಅಂದರು. ಆಗ ನಗು ಎದ್ದಿತು, ಎರಡೂ ಕಡೆಯಿಂದ. ನಗದಿದ್ದವರು ಮೂರೇ ಜನ: ಸಚಿವರು, ನಾನು, ಹಸಿರು ಕೋಟಿನವರು. ಅವರು ಇನ್ನೂ ನಿಂತೇ ಇದ್ದರು. ನಗು ಇಳಿಯುವವರೆಗೆ ಕಾದರು. ಆಮೇಲೆ ಹೇಳಿದರು.

"ಸಭಾಧ್ಯಕ್ಷರೇ, ನನಗೆ ಇನ್ನೊಂದು ಉಪಪ್ರಶ್ನೆ ಬಾಕಿ ಇದೆ. ಈಗ ಸಚಿವರು ಓದಿದ್ದೇ ನನ್ನ ಪ್ರಶ್ನೆ."

ಸಚಿವರು ಮತ್ತೆ ಗ್ಯಾಲರಿ ನೋಡಿದರು. ನನ್ನ ಕೈಯಲ್ಲಿ ಪೆನ್ನಿರಲಿಲ್ಲ, ದೊಡ್ಡವರು ಕಿತ್ತುಕೊಂಡಿದ್ದರು. ಬೇರೆ ದಾರಿ ಕಾಣದೆ ಸಚಿವರು ನನ್ನ ಹಳೆಯ ವಾಕ್ಯವನ್ನೇ ಹಿಡಿದುಕೊಂಡರು. ಮಾಹಿತಿ ಸಂಗ್ರಹಿಸಿ ಸದನದ ಮುಂದೆ ಇಡಲಾಗುವುದು ಅಂದರು. ಎಷ್ಟೋ ಸಲ ನಾನು ಬರೆದ ವಾಕ್ಯ, ಯಾವತ್ತೂ ಯಾರೂ ಮುಂದಕ್ಕೆ ಕೇಳಿರಲಿಲ್ಲ. ಇವತ್ತು ಸಭಾಧ್ಯಕ್ಷರು ಕೇಳಿದರು, ಯಾವಾಗ ಅಂತ. ಈ ಅಧಿವೇಶನ ಮುಗಿಯುವುದರೊಳಗೆ ಅಂತ ಸಚಿವರ ಬಾಯಿಂದ ಬಂದುಬಿಟ್ಟಿತು. ಸದನದಲ್ಲಿ ಗಡುವು ಹೇಳಿ ಕೊಟ್ಟ ಮಾತು ಕಲ್ಲಿನಲ್ಲಿ ಕೆತ್ತಿದ ಹಾಗೆ, ಇನ್ನು ತಪ್ಪಿಸಿಕೊಳ್ಳುವಂತಿಲ್ಲ.

ಹೊರಗೆ ಬಂದಾಗ ದೊಡ್ಡವರ ಮುಖ ಬಿಳಿಚಿತ್ತು. ಬೈಯುತ್ತಾರೆ ಅಂದುಕೊಂಡೆ. ನಾನು ಹಾಕಿಕೊಂಡಿದ್ದ ಚಿಕ್ಕಮ್ಮನ ಹಸಿರು ಕೋಟನ್ನೇ ನೋಡಿ, "ತಾಲೀಮು ಮುಗಿದಿತ್ತಲ್ಲ, ಇನ್ನೂ ಯಾಕೆ ಎದ್ದಿಲ್ಲ ನೀವು ಆ ಕುರ್ಚಿಯಿಂದ?" ಅಂದರು. ಕೈತಪ್ಪು ಸಾರ್ ಅಂದೆ. ಅವರು ನಂಬಲಿಲ್ಲ. ಯಾಕೆ ನಂಬಲಿಲ್ಲವೋ ತಿಳಿಯದು.

ಫೆಬ್ರವರಿ 25, ಮಂಗಳವಾರ

ಉತ್ತರದ ವಿಭಾಗದಿಂದ ನನ್ನನ್ನು ತೆಗೆದಿದ್ದಾರೆ. ಮನೆಮನೆಗೆ ಹೋಗಿ ಪೆಟ್ಟಿಗೆ ನೋಡಿಬರಲು ಒಂದು ತಂಡ ಮಾಡಿದ್ದಾರೆ, ಅದಕ್ಕೆ ಹಾಕಿದ್ದಾರೆ. ಶಿಕ್ಷೆ ಅಂತ ಎಲ್ಲರಿಗೂ ಗೊತ್ತು. ಮೇಜು ಖಾಲಿ ಮಾಡುವಾಗ ದೊಡ್ಡವರು ಒಂದು ಪೆನ್ಸಿಲು ಕೊಟ್ಟು, ಬಿಸಿಲಿನಲ್ಲಿ ಪೆನ್ನು ಕೈಕೊಡುತ್ತದೆ ಅಂದರು. ಅವರು ಕೆಟ್ಟವರಲ್ಲ.

ಲಿಫ್ಟಿನಲ್ಲಿ ಇಳಿಯುವಾಗ ಕಣ್ಣು ಮುಚ್ಚಲು ಮರೆತೆ. ಒಳಗಿನ ನೆಲ, ಹೊರಗಿನ ನೆಲ, ನಡುವೆ ಕೂದಲೆಳೆಯಷ್ಟು ಗೆರೆ. ಇಷ್ಟು ವರ್ಷ ನೋಡಿಯೇ ಇರಲಿಲ್ಲ.

ನಾಳೆ ನಮ್ಮ ಬೀದಿಯಿಂದಲೇ ಶುರು. ಮೊದಲ ಮನೆ ನಮ್ಮದು.

ಫೆಬ್ರವರಿ 26, ಬುಧವಾರ

ನಿಯಮದ ಪ್ರಕಾರ ಹೊರಗಿನಿಂದ ಬಂದು ಬಾಗಿಲು ತಟ್ಟಬೇಕು. ಹಾಗಾಗಿ ತಿಂಡಿ ಮುಗಿಸಿ, ಕೋಟು ಹಾಕಿ, ಹೊರಗೆ ಹೋಗಿ, ಬಾಗಿಲು ಎಳೆದುಕೊಂಡು, ತಟ್ಟಿದೆ. ಅಮ್ಮ ಒಳಗಿಂದ ಯಾರು ಅಂದಳು. ಸರ್ಕಾರದಿಂದ ಅಂದೆ. ಬಾಗಿಲು ತೆಗೆದೇ ಇದೆ, ಕಾಲು ಒರೆಸಿಕೊಂಡು ಬಾ ಅಂದಳು.

ತಮ್ಮ ಕಿಟಕಿ ಬಳಿ ಎದ್ದು ನಿಂತ. ಗಡ್ಡ ಬೋಳಿಸಿದ್ದ. ಹಾಳೆ ತೆಗೆದು ಅದರಲ್ಲಿ ಇದ್ದದ್ದನ್ನು ಕೇಳಿದೆ. ಪೆಟ್ಟಿಗೆ ತಲುಪಿದೆಯಾ? ತಲುಪಿದೆ, ಅಮ್ಮ ಮೇಲೆ ಕೂತಿದ್ದಾಳೆ ನೋಡಿ ಅಂದ. ಅಮ್ಮ ಎದ್ದು ದಿಂಬು ತೆಗೆದಳು. ಸೀಲು ಒಡೆದಿದ್ದೀರಾ? ಇಲ್ಲ. ಹಾಳೆಯಲ್ಲಿ ಇದ್ದದ್ದು ಅಷ್ಟೇ. ಬರೆದುಕೊಂಡೆ.

ಹೊರಡಬಹುದಿತ್ತು. ಕಾಲು ಏಳಲಿಲ್ಲ. ಪೆನ್ಸಿಲು ಕೆಳಗಿಟ್ಟು ಹೇಳಿದೆ. "ನೀನು ಅದನ್ನ ಒಡೀದಿದ್ರೂ ಮಾಲೀಕ ಅಂತ ಬರ್ಕೊಂಡಿದ್ದಾರೆ ಕಣೋ. ಹೊಸ ಘಟಕದಿಂದ ನಿಂಗೆ ಕರೆ ಬರಲ್ಲ. ನಂಗೆ ಗೊತ್ತಿತ್ತು. ಹೇಳಲಿಲ್ಲ."

ತಮ್ಮ ಅಂಗಿಯ ತೋಳು ಸರಿಮಾಡಿಕೊಂಡ. "ನಂಗೂ ಗೊತ್ತು" ಅಂದ.

ಪೆಟ್ಟಿಗೆ ಬಂದ ಸ್ವಲ್ಪ ದಿನಕ್ಕೇ ಹೊಸ ಘಟಕದ ಗೇಟಿಗೆ ಹೋಗಿದ್ದನಂತೆ. ಅಲ್ಲಿಯ ಕಾವಲುಗಾರ ಪಟ್ಟಿ ನೋಡಿ, ಮಾಲೀಕರನ್ನು ಇಲ್ಲಿ ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ ಸಾರ್ ಅಂತ ಕೈಮುಗಿದು ಕಳಿಸಿದನಂತೆ. ಜೀವಮಾನದಲ್ಲಿ ಮೊದಲ ಸಲ ಯಾರೋ ಸಾರ್ ಅಂದರು ಅಂತ ತಮ್ಮ ನಕ್ಕ. ನನಗೆ ನಗು ಬರಲಿಲ್ಲ. ಹಾಗಾದರೆ ದಿನಾ ಬೆಳಿಗ್ಗೆ ಗಡ್ಡ ಬೋಳಿಸಿಕೊಂಡು ಫೋನು ಮುಂದಿಟ್ಟುಕೊಂಡು ಯಾರಿಗೆ ಕಾಯುತ್ತಿದ್ದೆ ಅಂತ ಕೇಳಿದೆ.

"ನಿಂಗೆ" ಅಂದ. "ನಿನ್ನ ಇಲಾಖೆದು, ನಾನಾಗಿ ಹೇಳಿದ್ರೆ ದೂರಿದ ಹಾಗಾಗುತ್ತೆ. ನೀನೇ ಕೇಳಿದ್ರೆ ಹೇಳೋಣ ಅಂತಿದ್ದೆ. ಹೋದ ವಾರ ನಾನೇ ಶುರು ಮಾಡಿದೆ, ನೀನು ಪರಿಶೀಲನೆ ಅಂದುಬಿಟ್ಟೆ. ಕಾರ್ಖಾನೆ ಮುಚ್ಚಿದಾಗಿಂದ ನೀನು ನಂಗೆ ಒಂದೂ ಪ್ರಶ್ನೆ ಕೇಳಿಲ್ಲ, ಅಕ್ಕಾ."

ಅಮ್ಮ ದಿಂಬನ್ನು ಎದೆಗವಚಿಕೊಂಡು ನಿಂತಿದ್ದಳು. ಅವಳ ಬಾಯಿಗೂ ಗಾದೆ ಬರಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ.

ಆಮೇಲೆ ಹಾಳೆಯನ್ನು ಮತ್ತೆ ಎತ್ತಿಕೊಂಡೆ. ಕನ್ನಡಕ ಒದ್ದೆಯಾಗಿತ್ತು, ಹಣೆಯ ಮೇಲೆ ಏರಿಸಿದೆ.

"ನಿಂಗೇನು ಬೇಕು?" ಅಂದೆ.

ಅವನು ಕಿಟಕಿಯ ಆಚೆ ನೋಡಿದ. ಬಹಳ ದಿನದ ಮೇಲೆ ಬಿಸಿಲು ಬಂದಿತ್ತು, ಎದುರು ಮನೆಯ ಮೇಲಂತಸ್ತು ಪೂರ್ತಿ ಕಾಣುತ್ತಿತ್ತು.

"ಕೆಲಸ" ಅಂದ.

ಅದನ್ನು ಬರೆಯಲು ಹಾಳೆಯಲ್ಲಿ ಜಾಗ ಇರಲಿಲ್ಲ. ಅಂಚಿನಲ್ಲಿ, ಅವನು ಹೇಳಿದ ಹಾಗೇ ಬರೆದೆ. ಆಮೇಲೆ ಕಣ್ಣೊರೆಸಿಕೊಂಡು ಪಕ್ಕದ ಮನೆಯ ಬಾಗಿಲು ತಟ್ಟಿದೆ.